ಬಚ್ಚಲು ಮನೆಗೆ ಬೆಳಕು



ಮನೆ ಕಟ್ಟುವಾಗ ನಾವು ನಡುಮನೆಗೆ ಕಿಟಕಿ ಇಡುತ್ತೇವೆ, ಕೊಟ್ಟಿಗೆಗೆ ಗಾಳಿ ನೋಡುತ್ತೇವೆ, ದೇವರ ಮನೆಗೆ ದಿಕ್ಕು ನೋಡುತ್ತೇವೆ. ಬಚ್ಚಲು ಮನೆಗೆ ಮಾತ್ರ ಉಳಿದ ಮೂಲೆಯೇ ಗತಿ. ದೀಪವೂ ಹಾಗೆಯೇ: ಬೇರೆಡೆ ಬೇಡವಾದ ಒಂದು ಬಲ್ಬನ್ನು ಬಾಗಿಲ ಮೇಲೆ ತೂಗುಹಾಕಿದರೆ ಮುಗಿಯಿತು. “ಕಣ್ಣು ಮುಚ್ಚಿಕೊಂಡು ತಾನೆ ತಲೆಗೆ ನೀರು ಹುಯ್ಕೊಳ್ಳೋದು, ಅದಕ್ಕೆ ಯಾಕಪ್ಪಾ ದೀಪ?” ಎಂದು ಅಜ್ಜಿಯರು ಕೇಳುವುದುಂಟು.

ಯೋಚಿಸಿ ನೋಡಿ. ಮನೆಯಲ್ಲಿ ನೆಲ ಸದಾ ಒದ್ದೆಯಾಗಿರುವ ಜಾಗ ಇದು. ಸೋಪಿನ ನೊರೆ, ಪಾಚಿ, ಉರಿಯುವ ಒಲೆ, ಕಾದ ನೀರಿನ ಹಂಡೆ ಎಲ್ಲವೂ ನಾಲ್ಕಾರು ಅಡಿಯೊಳಗೆ ಇರುತ್ತವೆ. ವಯಸ್ಸಾದವರು ಇಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಅವರಲ್ಲಿ ಅನೇಕರು ಮೊದಲಿನಂತೆ ನಡೆದಾಡುವುದೇ ಇಲ್ಲ. ಆದುದರಿಂದ ಬಚ್ಚಲಿಗೆ ಬೆಳಕನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಿಂತವರ ಪಾದದ ಬಳಿ ನೆಲ ಕಾಣುತ್ತದೆಯೇ?

ಮೊದಲು ಹಗಲಿನ ಬೆಳಕು

ದುಡ್ಡು ಕೊಡದೆ ಸಿಗುವುದು ಸೂರ್ಯನ ಬೆಳಕು. ಅದನ್ನು ಮುಚ್ಚಿಕೊಂಡರೆ ಏನಾಗುವುದೆಂಬುದಕ್ಕೆ ಬೆಂಗಳೂರಿನ ಕುರುಬರಹಳ್ಳಿಯನ್ನು ನೋಡಬಹುದು. ಅದೂ ಒಂದು ಕಾಲಕ್ಕೆ ನಮ್ಮಂತೆಯೇ ಹೊಲತೋಟಗಳ ನಡುವಿನ ಹಳ್ಳಿ. ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆಗಳು ಬೆಳೆದಂತೆ ನಗರದೊಳಗೆ ಸೇರಿಹೋಯಿತು. ಅಲ್ಲಿನ ಇಕ್ಕಟ್ಟಾದ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳೆದ್ದಿವೆ. ಹೀಗೆ ಕಟ್ಟಿದ ಮನೆಯ ಬಚ್ಚಲಿಗೆ ಕಿಟಕಿ ತೆರೆಯೋಣವೆಂದರೂ ಜಾಗವಿರುವುದಿಲ್ಲ. ನಡುಹಗಲಿನಲ್ಲೂ ದೀಪ ಹಚ್ಚಬೇಕು. ನಮ್ಮ ಹಳ್ಳಿಗಳಲ್ಲಿ ಇನ್ನೂ ಜಾಗವಿದೆ. ಹೊಸ ಮನೆ ಕಟ್ಟುವವರು ಬಚ್ಚಲಿನ ಒಂದು ಗೋಡೆಯಾದರೂ ಬಯಲಿಗೆ ಇರುವಂತೆ ನೋಡಿಕೊಳ್ಳಿರಿ.

ನಾವು ಹೆಚ್ಚಾಗಿ ಬೆಳಗ್ಗೆ ಸ್ನಾನ ಮಾಡುವವರು. ಆದುದರಿಂದ ಬೆಳಕಿಂಡಿ ಪೂರ್ವಕ್ಕೆ ಇದ್ದರೆ ಒಳ್ಳೆಯದು. ಅದರ ಕೆಳಅಂಚು ನೆಲದಿಂದ ಆರಡಿ ಎತ್ತರಕ್ಕಿರಲಿ. ಬೆಳಕು ಒಳಗೆ ಬರುತ್ತದೆ, ಹೊರಗಿನವರ ಕಣ್ಣು ಬರುವುದಿಲ್ಲ. ಮಾನ ಮುಚ್ಚಲು ಕಿಟಕಿಯನ್ನೇ ಮುಚ್ಚಿ ಹೆಂಗಸರು ಕತ್ತಲಲ್ಲಿ ಸ್ನಾನ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಹೆಂಚಿನ ಮನೆಯಾದರೆ ಇನ್ನೂ ಸುಲಭ. ಮಂಗಳೂರು ಹೆಂಚಿನ ಅಳತೆಯಲ್ಲೇ ಗಾಜಿನ ಹೆಂಚು ಸಿಗುತ್ತದೆ. ಒಂದೆರಡು ಹೆಂಚು ತೆಗೆದು ಅದನ್ನು ಕೂಡಿಸಿದರೆ ಸಾಕು. ತಗಡಿನ ಮಾಡಾದರೆ ಬ್ರೆಜಿಲ್ ದೇಶದ ಉಬೆರಾಬ ಊರಿನ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ 2002ರಲ್ಲಿ ಕಂಡುಕೊಂಡ ಉಪಾಯವಿದೆ. ಎರಡು ಲೀಟರಿನ ತಿಳಿ ಪ್ಲಾಸ್ಟಿಕ್ ಬಾಟಲಿಗೆ ಶುದ್ಧ ನೀರು ತುಂಬಿ, ಪಾಚಿ ಕಟ್ಟದಂತೆ ಎರಡು ಮುಚ್ಚಳ ಬ್ಲೀಚಿಂಗ್ ದ್ರಾವಣ ಹಾಕಿ ಬಿಗಿಯಾಗಿ ಮುಚ್ಚಬೇಕು. ತಗಡಿಗೆ ರಂಧ್ರ ಮಾಡಿ, ಬಾಟಲಿಯ ಮೇಲ್ಭಾಗ ಬಿಸಿಲಿಗೂ ಉಳಿದ ಭಾಗ ಒಳಕ್ಕೂ ಇರುವಂತೆ ನಿಲ್ಲಿಸಿ, ಮಳೆ ಸೋರದಂತೆ ಸುತ್ತಲೂ ಅಂಟು ಮೆತ್ತಬೇಕು. ಒಳ್ಳೆಯ ಬಿಸಿಲಿದ್ದಾಗ 40ರಿಂದ 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕು ಕೊಡುತ್ತದೆ.

ಬೆಳಕಿಂಡಿಯಿಂದ ಗಾಳಿಯೂ ಆಡಬೇಕು. ಒಲೆಯ ಹೊಗೆ ಹೋಗಲು ಮಾತ್ರವಲ್ಲ. ಈಗ ಹಲವರು ಗ್ಯಾಸ್ ಗೀಸರ್ ಹಾಕಿಸುತ್ತಿದ್ದಾರೆ. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಕೂಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರಿನಲ್ಲಿಯೇ ಸ್ನಾನಕ್ಕೆ ಹೋದವರು ಹೀಗೆ ಪ್ರಾಣ ಬಿಟ್ಟ ಸುದ್ದಿಗಳು ಮತ್ತೆ ಮತ್ತೆ ಬಂದಿವೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೇ ಹಾಕಿಸಿರಿ. ಚಳಿಯೆಂದು ಕಿಂಡಿಗೆ ಗೋಣಿ ತುರುಕಬೇಡಿರಿ.

ಸುಣ್ಣ ಬಳಿಯಿರಿ

ಸೌದೆ ಒಲೆಯ ಮಸಿ ಹಿಡಿದ ಗೋಡೆ ಬೆಳಕನ್ನು ನುಂಗುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ದೊಡ್ಡ ಬಲ್ಬು ತರುವ ಮೊದಲು ಇದನ್ನು ಮಾಡಿ ನೋಡಿರಿ.

ಯಾವ ಬಲ್ಬು?

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದಿತು. ಹಳ್ಳಿಯ ಬಡವರ ಮನೆಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. ಭಾಗ್ಯಜ್ಯೋತಿ ಯೋಜನೆಯಲ್ಲಿ ಮನೆಗೆ ಒಂದು ದೀಪ ಬಂದಾಗ ಆ ಒಂದು ದೀಪ ನಡುಮನೆಗೇ ಸಲ್ಲುವುದು ಸಹಜವಾಗಿತ್ತು. ಈಗ ಎಲ್‌ಇಡಿ ಬಲ್ಬು ಬಂದಿರುವುದರಿಂದ ಬಚ್ಚಲನ್ನು ಕತ್ತಲಲ್ಲಿಡಲು ಕಾರಣವಿಲ್ಲ. ಲೆಕ್ಕ ಹೀಗಿದೆ: ದಿನಕ್ಕೆ ಎರಡು ಗಂಟೆ ಉರಿದರೆ 60 ವ್ಯಾಟಿನ ಹಳೆಯ ಬಲ್ಬು ತಿಂಗಳಿಗೆ 3.6 ಯೂನಿಟ್ ತಿನ್ನುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕಿನ 9 ವ್ಯಾಟಿನ ಎಲ್‌ಇಡಿ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ತಿನ್ನುತ್ತದೆ.

ಆರಡಿ ಐದಡಿಯ ಬಚ್ಚಲಿಗೆ 7 ಅಥವಾ 9 ವ್ಯಾಟ್ ಧಾರಾಳವಾಯಿತು. ವ್ಯಾಟ್ ಎಂಬುದು ಬಲ್ಬು ತಿನ್ನುವ ವಿದ್ಯುತ್ತಿನ ಅಳತೆ. ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಕೊಳ್ಳುವಾಗ ಡಬ್ಬಿಯ ಮೇಲೆ ಎರಡನ್ನೂ ನೋಡಿರಿ. ಬಣ್ಣಕ್ಕೂ ಅಂಕಿ ಇದೆ: 3000 ಎಂದಿದ್ದರೆ ಹಳದಿ, 6500 ಎಂದಿದ್ದರೆ ನೀಲಿ ಬೆರೆತ ಬಿಳುಪು. ನಡುವಿನ 4000 ಇದ್ದರೆ ಗಡ್ಡ ಹೆರೆಯುವುದಕ್ಕೂ, ಮಗುವಿನ ಮೈಮೇಲಿನ ಗುಳ್ಳೆ, ಗಾಯ ನೋಡುವುದಕ್ಕೂ ಚೆನ್ನು.

ಎಲ್ಲಿ ಹಾಕಬೇಕು?

ಬಾಗಿಲ ಮೇಲಿನ ದೀಪಕ್ಕೆ ಬೆನ್ನು ಮಾಡಿ ಒಳಗೆ ಹೋದರೆ ನಮ್ಮ ನೆರಳೇ ಕಾಲ ಮುಂದೆ ಬೀಳುತ್ತದೆ. ಬಲ್ಬು ಎಷ್ಟೇ ದೊಡ್ಡದಾದರೂ ಹೆಜ್ಜೆ ಇಡುವ ಜಾಗ ಕತ್ತಲು. ಆದುದರಿಂದ ದೀಪವನ್ನು ಪಕ್ಕದ ಗೋಡೆಗೆ, ಏಳೂವರೆ ಅಡಿಗಿಂತ ಎತ್ತರದಲ್ಲಿ, ನೀರು ಹುಯ್ದುಕೊಳ್ಳುವ ಜಾಗದಿಂದ ದೂರವಾಗಿ ಹಾಕಿಸಿರಿ. ಅದು ಸರಿಯಾಗಿದೆಯೇ ಎಂದು ತಿಳಿಯಲು ರಾತ್ರಿ ಒಂದು ಸೋಪಿನ ಚೂರನ್ನು ಬಚ್ಚಲ ಕಲ್ಲಿನ ಮೇಲಿಟ್ಟು, ಮನೆಯ ಹಿರಿಯರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿರಿ. ಅವರ ಕಣ್ಣಿಗೆ ಕಂಡರೆ ದೀಪ ಸರಿಯಾಗಿದೆ.

ನೀರಿದ್ದಲ್ಲಿ ಎಚ್ಚರಿಕೆ

ಒದ್ದೆ ಮೈಗೆ ವಿದ್ಯುತ್ತು ಬಲುಬೇಗ ತಗಲುತ್ತದೆ. ಈ ಕೆಳಗಿನವನ್ನು ತಪ್ಪದೆ ಪಾಲಿಸಿರಿ.

1. ಸ್ವಿಚ್ಚು ಬಚ್ಚಲಿನ ಹೊರಗೆ ಇರಬೇಕು.

2. ಬಲ್ಬು ಬರಿದಾಗಿರಬಾರದು. ನೀರು ನುಗ್ಗದ ಮುಚ್ಚಳವುಳ್ಳ ದೀಪ ಕೊಳ್ಳಿರಿ. ಅದರ ಮೇಲೆ ಐಪಿ 44 ಎಂದಿದ್ದರೆ ಎರಚುವ ನೀರನ್ನೂ, ಐಪಿ 65 ಎಂದಿದ್ದರೆ ಚಿಮ್ಮುವ ನೀರನ್ನೂ ತಡೆಯುತ್ತದೆ.

3. ಬಲ್ಬಿನ ಹೋಲ್ಡರಿಗೆ ಪ್ಲಗ್ ಸಿಕ್ಕಿಸಿ ನೀರು ಕಾಯಿಸುವ ರಾಡನ್ನು ಹಚ್ಚಲೇಬಾರದು. ದೀಪದ ತಂತಿ 1500 ವ್ಯಾಟಿನ ರಾಡನ್ನು ತಡೆಯದು, ಕಾದು ಸುಡುತ್ತದೆ.

4. ಮೀಟರಿನ ಬಳಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿರಿ. ವಿದ್ಯುತ್ತು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಸಂಪರ್ಕ ಕಡಿಯುತ್ತದೆ. ನೆಲಕ್ಕಿಳಿಸಿದ ಅರ್ತ್ ತಂತಿಯೂ ಸರಿಯಾಗಿರಲಿ.

5. ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನಿಂದ ಮಾಡಿಸಿರಿ.

ಹಿತ್ತಲ ದಾರಿಯನ್ನು ಮರೆಯಬೇಡಿರಿ

ಬಚ್ಚಲು, ಕಕ್ಕಸು ಹಿತ್ತಲಲ್ಲಿದ್ದರೆ ಅಲ್ಲಿಗೆ ಹೋಗುವ ದಾರಿಯೂ ಬಚ್ಚಲಿನ ಭಾಗವೇ. ಕಟ್ಟುಹಾವು, ಕೊಳಕುಮಂಡಲ ಎರಡೂ ಹೆಚ್ಚಾಗಿ ರಾತ್ರಿ ಹೊತ್ತು ತಿರುಗುವಂಥವು; ಸೌದೆ ರಾಶಿ, ಕಲ್ಲಿನ ಸಂದು ಅವುಗಳಿಗೆ ಮರೆ. ಹಿತ್ತಲ ಬಾಗಿಲ ಹೊರಗೆ ಒಂದು ದೀಪ ಹಾಕಿಸಿ, ಸ್ವಿಚ್ಚನ್ನು ಒಳಗಿಡಿರಿ. ಹೆಜ್ಜೆ ಇಡುವ ಮೊದಲು ದಾರಿ ಕಾಣಬೇಕು. ಕರೆಂಟು ಹೋಗುವ ಊರಾದರೆ ಸಣ್ಣ ಸೌರದೀಪವೋ, ಒಳಗೆ ಬ್ಯಾಟರಿಯಿರುವ ಎಲ್‌ಇಡಿ ಬಲ್ಬೋ ಇರಲಿ. ಒಳಗೆ ಕಕ್ಕಸಿದ್ದರೂ ಕತ್ತಲೆಯ ಭಯಕ್ಕೆ ಮಕ್ಕಳು ಬಯಲಿಗೇ ಕೂರುವುದನ್ನು ನೀವೂ ಕಂಡಿರುತ್ತೀರಿ. ಬೆಳಕಿದ್ದರೆ ಅದೂ ನಿಲ್ಲುತ್ತದೆ.

ಯಾವಾಗ ಮಾಡಬೇಕು?

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೇಗೂ ಬಚ್ಚಲು ತೊಳೆದು, ಹಂಡೆ ಬೆಳಗಿ, ರಂಗೋಲಿ ಇಡುತ್ತೇವೆ. ಅದಕ್ಕೆ ಒಂದು ವಾರ ಮುಂಚೆ ಸುಣ್ಣ ಬಳಿದು, ಗಾಜಿನ ಹೆಂಚು ಕೂಡಿಸಿ, ದೀಪದ ಜಾಗ ಬದಲಿಸಿರಿ. ಒಂದೇ ಸಲಕ್ಕೆ ಎಲ್ಲವನ್ನೂ ಮಾಡಲು ಕೈಯಲ್ಲಿ ಹಣವಿಲ್ಲದಿದ್ದರೆ ಮೊದಲು ಸುಣ್ಣ, ಆಮೇಲೆ ಹೆಂಚು, ಆಮೇಲೆ ದೀಪ. ಆದರೆ ಹೋಲ್ಡರಿಗೆ ರಾಡು ಹಚ್ಚುವುದನ್ನು ಮಾತ್ರ ಇಂದೇ ನಿಲ್ಲಿಸಿರಿ. ಅದಕ್ಕೆ ಕಾಸೂ ಬೇಡ, ಹಬ್ಬವೂ ಬರಬೇಕಾಗಿಲ್ಲ.