ಇಂದಿನ ಮಟ್ಟಿಗೆ: ರೇಕಿಯ ಐದು ಸೂತ್ರಗಳೂ ನಿತ್ಯಜೀವನವೂ

ಅಂಗೈಯ ಸ್ಪರ್ಶದಿಂದ ದೇಹಮನಸ್ಸುಗಳ ಬಳಲಿಕೆಯನ್ನು ಪರಿಹರಿಸುವುದೆಂದು ಹೇಳಲಾಗುವ ಜಪಾನೀ ಪದ್ಧತಿಯೊಂದು ಕೆಲವು ದಶಕಗಳಿಂದ ನಮ್ಮ ನಾಡಿನಲ್ಲಿಯೂ ಪ್ರಚಾರದಲ್ಲಿದೆ. ಅದರ ಹೆಸರು ರೇಕಿ. ನಮ್ಮವರು ಇದನ್ನು 'ರೇಖಿ' ಎಂದು ಬರೆಯುವುದುಂಟು. ಜಪಾನೀ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವೇ ಇಲ್ಲವಾದುದರಿಂದ 'ರೇಕಿ' ಎಂಬ ರೂಪವೇ ಸಾಧುವೆಂದು ನನ್ನ ಭಾವನೆ. 'ರೇ' ಎಂದರೆ ಆತ್ಮಸಂಬಂಧಿಯಾದುದು, ದಿವ್ಯವಾದುದು. 'ಕಿ' ಎಂದರೆ ಜೀವಶಕ್ತಿ. ನಮ್ಮ 'ಪ್ರಾಣ' ಶಬ್ದಕ್ಕೆ ಇದು ಸಮೀಪವೇ ಹೊರತು ಸಂಪೂರ್ಣ ಸಮಾನಾರ್ಥಕವಲ್ಲ.

ಈ ಪದ್ಧತಿಯ ಎರಡು ಭಾಗಗಳನ್ನು ಮೊದಲೇ ಬೇರ್ಪಡಿಸಿ ನೋಡುವುದು ಯುಕ್ತ. ಅಂಗೈಯಿಂದ ಶಕ್ತಿ ಹರಿದು ರೋಗ ನಿವಾರಣೆಯಾಗುತ್ತದೆಂಬ ಭಾಗಕ್ಕೆ ವೈದ್ಯಶಾಸ್ತ್ರದಲ್ಲಿ ದೃಢವಾದ ಪ್ರಮಾಣ ದೊರೆತಿಲ್ಲ. ಅದನ್ನು ನಂಬಿ ಔಷಧ ನಿಲ್ಲಿಸುವುದು ಅನರ್ಥಕ್ಕೆ ದಾರಿ. ಇನ್ನೊಂದು ಭಾಗ, ನಿತ್ಯಜೀವನಕ್ಕೆ ವಿಧಿಸಿದ ಐದು ಸೂತ್ರಗಳು. ಪ್ರಕೃತ ಲೇಖನದ ವಿಷಯ ಇದು ಮಾತ್ರ.

ರೇಕಿಯ ಪ್ರವರ್ತಕ ಮಿಕಾವೋ ಉಸುಯಿ 1865ರಲ್ಲಿ ಜಪಾನಿನ ಗಿಫು ಪ್ರಾಂತದಲ್ಲಿ ಜನಿಸಿದನು. ಕ್ಯೋಟೋ ನಗರದ ಸಮೀಪದ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸವಿದ್ದು ಸಾಧನೆ ಮಾಡಿದನೆಂದು ಅವನ ಪರಂಪರೆಯವರು ಹೇಳುತ್ತಾರೆ. 1922ರಲ್ಲಿ ಟೋಕಿಯೋದಲ್ಲಿ ಸಂಘವೊಂದನ್ನು ಸ್ಥಾಪಿಸಿ, 1926ರಲ್ಲಿ ತೀರಿಕೊಂಡನು. ಮರುವರ್ಷ ಶಿಷ್ಯರು ಟೋಕಿಯೋದ ಸೈಹೋಜಿ ದೇವಾಲಯದ ಆವರಣದಲ್ಲಿ ಅವನಿಗೊಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು. ಐದು ಸೂತ್ರಗಳನ್ನು ಬೆಳಿಗ್ಗೆ ಮತ್ತು ಸಂಜೆ ಕೈಜೋಡಿಸಿ ಕುಳಿತು ಮನಸ್ಸಿನಲ್ಲಿ ನೆನೆದು ಬಾಯಲ್ಲಿ ಉಚ್ಚರಿಸಬೇಕೆಂಬುದು ಅವನು ವಿಧಿಸಿದ ಕ್ರಮ.

ಅವುಗಳ ತಾತ್ಪರ್ಯವಿಷ್ಟು: ಇಂದಿನ ಮಟ್ಟಿಗೆ ಕೋಪಿಸದಿರುವುದು, ಚಿಂತಿಸದಿರುವುದು, ಕೃತಜ್ಞನಾಗಿರುವುದು, ಕೆಲಸದಲ್ಲಿ ಶ್ರದ್ಧೆಯಿಂದ ತೊಡಗುವುದು, ಇತರರಲ್ಲಿ ದಯೆ ತೋರುವುದು. ಇಲ್ಲಿ ಪಂಡಿತರ ಕುತೂಹಲ ಕೆರಳಿಸುವ ಪಾಠಾಂತರವೊಂದಿದೆ. ಹವಾಯಿ ದ್ವೀಪದಲ್ಲಿ ಹುಟ್ಟಿ ಬೆಳೆದ ಹವಾಯೋ ಟಕಾಟಾ ಎಂಬ ಮಹಿಳೆ ಉಸುಯಿಯ ಶಿಷ್ಯ ಹಯಾಷಿಯಿಂದ ಕಲಿತು ಈ ವಿದ್ಯೆಯನ್ನು ಪಶ್ಚಿಮಕ್ಕೆ ಒಯ್ದಳು. ಅವಳ ಪಾಠದಲ್ಲಿ ತಂದೆತಾಯಿಗಳನ್ನೂ ಗುರುಹಿರಿಯರನ್ನೂ ಗೌರವಿಸಬೇಕೆಂಬ ಮಾತು ಸೇರಿತು. 'ಶ್ರದ್ಧೆಯಿಂದ ದುಡಿ' ಎಂಬುದು 'ಪ್ರಾಮಾಣಿಕವಾಗಿ ಗಳಿಸು' ಎಂದಾಯಿತು. ದುಡಿಮೆ, ಗಳಿಕೆ ಎರಡೂ ಬೇರೆಬೇರೆ. ನಮ್ಮ ಶರಣರ 'ಕಾಯಕ' ಎಂಬ ಒಂದೇ ಶಬ್ದ ಈ ಎರಡನ್ನೂ ಒಳಗೊಂಡಿದೆಯೆಂಬುದನ್ನು ನೆನೆದಾಗ ಕನ್ನಡಿಗನಾದವನಿಗೆ ಹಿಗ್ಗಾಗದಿರದು. ಇನ್ನೂ ಒಂದು ಸ್ವಾರಸ್ಯವೆಂದರೆ, ಉಸುಯಿಯ ಸೂತ್ರದಲ್ಲಿ ಕೆಲಸವನ್ನು ಸೂಚಿಸುವ ಅಕ್ಷರವೇ ಜಪಾನಿನ ಬೌದ್ಧಗ್ರಂಥಗಳಲ್ಲಿ ಬೇರೊಂದು ಉಚ್ಚಾರಣೆಯಿಂದ 'ಕರ್ಮ' ಎಂಬ ಅರ್ಥವನ್ನು ಕೊಡುತ್ತದೆ.

ಕೋಪ ಬಿಡು, ದಯೆ ತೋರು ಎಂದು ಹೇಳದ ಧರ್ಮ ಯಾವುದಿದೆ? ಸೂತ್ರಗಳ ವೈಶಿಷ್ಟ್ಯವಿರುವುದು 'ಇಂದಿನ ಮಟ್ಟಿಗೆ' ಎಂಬ ಮಿತಿಯಲ್ಲಿ. ಇನ್ನೆಂದೂ ಕೋಪಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದವನು ಮೂರನೆಯ ದಿನ ತಪ್ಪಿ, ನಾಲ್ಕನೆಯ ದಿನ ಪ್ರತಿಜ್ಞೆಯನ್ನೇ ಕೈಬಿಡುತ್ತಾನೆ. ಒಂದು ದಿನದ ವ್ರತಕ್ಕೆ ಆ ಭಯವಿಲ್ಲ. ಸಂಜೆಗೆ ಲೆಕ್ಕ ಮುಗಿಯುತ್ತದೆ, ಬೆಳಿಗ್ಗೆ ಹೊಸದಾಗಿ ತೊಡಗುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನಪಾಗುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹಿಂದಿರುಗಿಸಿದಳು. ಅಂದಿನ ಕಾಯಕ ಅಂದಿಗೆ. ನಾಳೆಯ ಅಕ್ಕಿಯನ್ನು ಇಂದೇ ಕೂಡಿಡದವಳಿಗೆ ನಾಳೆಯ ಚಿಂತೆ ಹಿಡಿಯುವುದಾದರೂ ಎಲ್ಲಿಂದ?

ನಾನು ಈ ಸೂತ್ರಗಳ ಬಳಿಗೆ ಬಂದುದು ಗ್ರಂಥಾಭ್ಯಾಸದ ಮಾರ್ಗದಿಂದಲ್ಲ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಇವುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದು ತಿಂಗಳುಗಟ್ಟಲೆ ನನ್ನ ಶಬ್ದಮಣಿದರ್ಪಣದ ಹಾಳೆಗಳ ನಡುವೆ ಓದದೆ ಬಿದ್ದಿತ್ತು. ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯಲ್ಲಿ ಗಣವಿಭಾಗವನ್ನು ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ನಿದ್ರೆ ಹೋಗಿದ್ದ. ಎಬ್ಬಿಸಿ, "ನಿನಗೇಕಪ್ಪ ಛಂದಸ್ಸು? ಹೋಗಿ ಕಲ್ಲು ಕೊಯ್ಯಿ" ಎಂದುಬಿಟ್ಟೆ. ಮಕ್ಕಳೆಲ್ಲ ನಕ್ಕರು. ಅವನು ತಲೆ ತಗ್ಗಿಸಿ ನಿಂತ. ಅವನ ತಂದೆ ಗ್ರಾನೈಟ್ ಕಲ್ಲು ಕೊಯ್ದು ನಯಗೊಳಿಸುವ ಘಟಕವೊಂದರಲ್ಲಿ ಕಾರ್ಮಿಕರೆಂದೂ, ಹಿಂದಿನ ರಾತ್ರಿಯಿಡೀ ಕೆಮ್ಮಿನಿಂದ ಉಸಿರುಕಟ್ಟಿದ ತಂದೆಯ ಜೊತೆಗೆ ಹುಡುಗ ಆಸ್ಪತ್ರೆಯಲ್ಲಿದ್ದನೆಂದೂ ಸಹೋದ್ಯೋಗಿಯೊಬ್ಬರಿಂದ ಸಂಜೆ ತಿಳಿಯಿತು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು. ಕಲ್ಲಿನ ಕೆಲಸವನ್ನು ಬೈಗುಳವಾಗಿ ಬಳಸಿದುದೂ ಅದೇ ಬಾಯಿ. ಕೋಪ ಬಂದ ಗಳಿಗೆಯಲ್ಲಿ ವಿದ್ಯೆ ಎಷ್ಟು ತೆಳ್ಳಗಾಗುತ್ತದೆಂಬುದು ಅಂದು ಕಂಡಿತು. ಚೀಟಿಯನ್ನು ಹೊರತೆಗೆದು ಓದಿದ್ದು ಅಂದಿನ ರಾತ್ರಿ. ಮರುದಿನ ಅದೇ ತರಗತಿಯಲ್ಲಿ, ನಕ್ಕ ಆ ಮಕ್ಕಳೆದುರಿಗೇ ಹುಡುಗನ ಕ್ಷಮೆ ಕೇಳಿದೆ. ಏಕಾಂತದಲ್ಲಿ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು; ಅವನಿಗೆ ನ್ಯಾಯವಾಗುತ್ತಿರಲಿಲ್ಲ.

ಕೋಪವನ್ನು ಮಾತಿನಿಂದಷ್ಟೇ ತಡೆಯಲಾಗದು, ದೇಹವೂ ಸಹಕರಿಸಬೇಕು. ಇದಕ್ಕೆ ನಾವು ಜಪಾನಿನವರೆಗೆ ಹೋಗಬೇಕಾಗಿಲ್ಲ. ಜಿಗಣಿಯ ಬಳಿಯ ಪ್ರಶಾಂತಿ ಕುಟೀರದಲ್ಲಿ ನೆಲೆಗೊಂಡ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ 2002ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಅದರ ಡಾ. ಎಚ್. ಆರ್. ನಾಗೇಂದ್ರ ಅವರು ರೂಪಿಸಿದ ಆವರ್ತನ ಧ್ಯಾನಕ್ಕೆ ಗೌಡಪಾದರ ಮಾಂಡೂಕ್ಯಕಾರಿಕೆ ಆಧಾರ. ಜಡವಾದ ಮನಸ್ಸನ್ನು ಎಚ್ಚರಿಸು, ಚದುರಿದುದನ್ನು ಶಮನಗೊಳಿಸು ಎಂಬ ಆ ತತ್ತ್ವದಂತೆ, ಕಣ್ಣು ಮುಚ್ಚಿ ನಿಧಾನವಾಗಿ ಮಾಡುವ ಆಸನಗಳ ನಡುನಡುವೆ ವಿಶ್ರಾಂತಿಯನ್ನು ಇರಿಸಲಾಗಿದೆ. ಇದು ಯೋಗ, ರೇಕಿಯಲ್ಲ. ಆದರೂ ಒಂದು ಗಂಟೆಯ ಪಾಠಕ್ಕೂ ಮುಂದಿನ ಗಂಟೆಯ ಪಾಠಕ್ಕೂ ನಡುವೆ ಎರಡು ನಿಮಿಷ ಕಣ್ಣು ಮುಚ್ಚಿ ಕುಳಿತ ಅಧ್ಯಾಪಕನಿಗೆ ಈ ತತ್ತ್ವದ ಬೆಲೆ ತಿಳಿಯುತ್ತದೆ.

'ಚಿಂತಿಸಬೇಡ' ಎಂಬ ಸೂತ್ರದ ವಿಷಯದಲ್ಲಿ ನನಗೆ ಅಳುಕಿದೆ. ಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶದಲ್ಲಿ ಸಿಲಿಕಾ ಕಣಗಳು ನೆಲೆಸಿ ಸಿಲಿಕೋಸಿಸ್ ಎಂಬ ರೋಗ ಉಂಟಾಗುತ್ತದೆ. ಒಮ್ಮೆ ಬಂದರೆ ಅದನ್ನು ಪೂರ್ಣವಾಗಿ ಗುಣಪಡಿಸುವ ಮದ್ದಿಲ್ಲ. ಅಂಥ ಕೆಲಸದಲ್ಲಿರುವವರಿಗೆ ನಿಶ್ಚಿಂತರಾಗಿರಿ, ಕೃತಜ್ಞರಾಗಿರಿ ಎಂದು ಬೇರೊಬ್ಬರು ಉಪದೇಶಿಸಿದರೆ ಅದು ಸೂತ್ರವಲ್ಲ, ಕ್ರೌರ್ಯ. ಈ ಐದನ್ನೂ ಒಬ್ಬನು ತನಗೆ ತಾನೇ ಹೇಳಿಕೊಳ್ಳಬೇಕು. ಮೇಲಿನವನು ಕೆಳಗಿನವನಿಗೆ ಹೇಳಬಾರದು. ಈ ಸಂಪುಟವನ್ನು ಓದುವ ದಾನಿಗಳಲ್ಲಿ ಉದ್ಯಮಪತಿಗಳೂ ಇರಬಹುದು. ಅವರಲ್ಲಿ ನನ್ನ ವಿನಯಪೂರ್ವಕ ಬಿನ್ನಹವಿಷ್ಟು: ಕಲ್ಲು ಕೊಯ್ಯುವ ಅಲಗಿಗೆ ನಿರಂತರ ನೀರು ಹಾಯಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ, ಉಳಿದುದನ್ನು ಹೀರಿ ತೆಗೆಯುವ ಯಂತ್ರಗಳಿವೆ, ಸರಿಯಾದ ಮುಖಕವಚವಿದೆ, ಕಾಲಕಾಲದ ಎದೆಯ ತಪಾಸಣೆಯಿದೆ. ಐದನೆಯ ಸೂತ್ರವಾದ ದಯೆ ಕಾರ್ಖಾನೆಯೊಳಗೆ ಈ ರೂಪದಲ್ಲಿಯೇ ಕಾಣಿಸಿಕೊಳ್ಳಬೇಕು. ಮಠಕ್ಕೆ ಸಲ್ಲಿಸುವ ದಾಸೋಹಕ್ಕಿಂತ ಇದು ಕಡಿಮೆಯದೆಂದು ಶರಣರು ಭಾವಿಸಲಾರರು.

ಕೃತಜ್ಞತೆಯ ಬಗೆಗೆ ಹೆಚ್ಚು ಬರೆಯಬೇಕಾಗಿಲ್ಲ. ಊಟಕ್ಕೆ ಕುಳಿತಾಗ ಬೆಳೆದವರನ್ನೂ ಬಡಿಸಿದವರನ್ನೂ ನೆನೆಯುವ ಅಭ್ಯಾಸ ಪ್ರಸಾದನಿಲಯದಲ್ಲಿ ಬೆಳೆದವರಿಗೆಲ್ಲ ಇದೆ.

ಈಗ ನಾನು ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಐದನ್ನೂ ಒಮ್ಮೆ ಹೇಳಿಕೊಳ್ಳುತ್ತೇನೆ. ರಾತ್ರಿ ಮಲಗುವ ಮುನ್ನ ಲೆಕ್ಕ ನೋಡುತ್ತೇನೆ. ಕೋಪದ ಬಾಬಿನಲ್ಲಿ ಬಾಕಿ ಉಳಿಯದ ದಿನಗಳು ವಾರಕ್ಕೆ ಎರಡೋ ಮೂರೋ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ವಾರದಲ್ಲಿ ಅವೂ ಇರುವುದಿಲ್ಲ. ಆ ಹುಡುಗನ ತಂದೆ ವೈದ್ಯರ ಸಲಹೆಯಂತೆ ಧೂಳಿನ ಕೆಲಸ ಬಿಟ್ಟು ಗೋದಾಮೊಂದರ ಕಾವಲಿಗೆ ಸೇರಿದ್ದಾರೆ. ಸಂಬಳ ಕಡಿಮೆ, ಕೆಮ್ಮು ಪೂರ್ತಿ ನಿಂತಿಲ್ಲ. ಹುಡುಗ ಹತ್ತನೆಯ ತರಗತಿಗೆ ಬಂದಿದ್ದಾನೆ. ಲಘುಗುರುಗಳನ್ನು ತಪ್ಪಿಲ್ಲದೆ ಗುರುತಿಸುತ್ತಾನೆ. ಷಟ್ಪದಿಯ ಮೂರನೆಯ ಪಾದದ ಕೊನೆಯಲ್ಲಿ ಮಾತ್ರ ಈಗಲೂ ಎಡವುತ್ತಾನೆ.