ಲಕ್ಷದ ಲೆಕ್ಕ, 9ರ ಗುಟ್ಟು

ಒಂದು ಸಂಘ. 18 ಜನ ಹೆಂಗಸರು. ಎಲ್ಲರ ಉಳಿತಾಯ ಸೇರಿ 1,25,640 ರೂಪಾಯಿ ಆಯಿತು ಅಂತ ಇಟ್ಟುಕೊಳ್ಳಿ. ಓದಿ ನೋಡಿ: ಒಂದು ಲಕ್ಷದ ಇಪ್ಪತ್ತೈದು ಸಾವಿರದ ಆರುನೂರ ನಲವತ್ತು.

18 ಜನಕ್ಕೆ ಸಮನಾಗಿ ಹಂಚಿದರೆ ಏನಾದರೂ ಉಳಿಯುತ್ತದೆಯೇ? ಭಾಗಿಸುವುದು ಆಮೇಲೆ. ಮೊದಲು ಅಂಕಿಗಳನ್ನು ಕೂಡಿಸಿ.

1+2+5+6+4+0 = 18

18 ಒಂಬತ್ತರ ಮಗ್ಗಿಯಲ್ಲಿದೆ. ಹಾಗಾದರೆ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಯಾಕೆ? 10ರಲ್ಲಿ 9 ತೆಗೆದರೆ 1 ಉಳಿಯುತ್ತದೆ. 100ರಲ್ಲಿ 99 ತೆಗೆದರೂ 1. ಸಾವಿರಕ್ಕೂ ಲಕ್ಷಕ್ಕೂ ಹೀಗೇ. ಅದಕ್ಕೇ ಅಂಕಿ ಕೂಡಿಸಿದರೆ ಸಾಕು.

ಕೊನೆಯ ಅಂಕಿ 0. ಆದ್ದರಿಂದ 2ರಿಂದಲೂ ಭಾಗವಾಗುತ್ತದೆ. ಒಂಬತ್ತೆರಡಲಿ ಹದಿನೆಂಟು. ತಲೆಗೆ 6,980 ರೂಪಾಯಿ. ಚಿಲ್ಲರೆ ಜಗಳವೇ ಇಲ್ಲ!

ಆದರೆ ಎಚ್ಚರ, ಅಕ್ಕಂದಿರೇ. ಪುಸ್ತಕದಲ್ಲಿ 6 ಮತ್ತು 4 ಅದಲು ಬದಲಾಗಿ 1,25,460 ಅಂತ ಬಿತ್ತು ಅನ್ನಿ. ಕೂಡಿಸಿದರೆ ಆಗಲೂ 18. 18 ಜನಕ್ಕೆ ಸರಿಯಾಗಿಯೇ ಹಂಚಿಹೋಗುತ್ತದೆ. ಆದರೆ 180 ರೂಪಾಯಿ ಮಾಯ! ತಲೆಗೆ 10 ರೂಪಾಯಿ ಕಮ್ಮಿ. ಆದ್ದರಿಂದ ಸಂಘದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ವ್ಯತ್ಯಾಸ ಬಂದು, ಅದು 9ರಿಂದ ಭಾಗವಾದರೆ, ಅಂಕಿ ಅದಲು ಬದಲಾಗಿದೆಯೇ ಅಂತ ಮೊದಲು ಹುಡುಕಿ.

ನೀವೇ ಮಾಡಿ: 2,07,450 ಒಂಬತ್ತರಿಂದ ಭಾಗವಾಗುತ್ತದೆಯೇ?