ಬುಟ್ಟಿ ವ್ಯಾಪಾರಕ್ಕೂ ಒಂದು ಪತ್ರ



ಹಿಂದಿನ ಪಾಠದಲ್ಲಿ ರೇಷನ್ ಕಾರ್ಡು ಓದಿದೆವು. ಈ ಪಾಠದಲ್ಲಿ ಇನ್ನೊಂದು ಕಾಗದ ಓದೋಣ. ಅದರ ಹೆಸರು ಪರವಾನಗಿ. ಬಾಯಿಮಾತಿನಲ್ಲಿ ಲೈಸೆನ್ಸು ಅಂತೀವಿ.

ಪರವಾನಗಿ ಎಂದರೆ ಏನು? ಈ ಕೆಲಸ ಮಾಡಬಹುದು, ಇಂಥ ಕಡೆ ಮಾಡಬಹುದು, ಈ ಷರತ್ತಿನ ಮೇಲೆ ಮಾಡಬಹುದು ಎಂದು ಬರೆದು ಕೊಡುವ ಒಪ್ಪಿಗೆ. ಬಸ್ಸು ಓಡಿಸುವವರಿಗೆ ಲೈಸೆನ್ಸು ಬೇಕು. ಆಟೋಗೆ ಪರ್ಮಿಟ್ಟು ಬೇಕು. ಔಷಧಿ ಅಂಗಡಿಗೆ ಬೇಕು, ನ್ಯಾಯಬೆಲೆ ಅಂಗಡಿಗೆ ಬೇಕು. ಹೆಂಡದ ಅಂಗಡಿಗೂ ಬೇಕು. (ಅದರ ಮಾತು ಎತ್ತಿದರೆ ಪಾಠ ಇವತ್ತು ಮುಗಿಯುವುದಿಲ್ಲ. ಇನ್ನೊಂದು ದಿನ ನೋಡೋಣ.)

ಹಾಗಾದರೆ ರಸ್ತೆ ಬದಿ ಕೂತು ಸೊಪ್ಪು ಮಾರುವವರಿಗೆ? ಹೂವು ಕಟ್ಟಿ ಮಾರುವವರಿಗೆ? ತಳ್ಳುಗಾಡಿಯಲ್ಲಿ ಇಡ್ಲಿ ಮಾರುವವರಿಗೆ?

"ನಾವು ದಿನಾ ಸುಂಕ ಕಟ್ತೀವಲ್ಲ ಟೀಚರೇ, ಅದೇ ನಮ್ಮ ಲೈಸೆನ್ಸು" ಎಂದು ನಮ್ಮ ಕೇಂದ್ರದಲ್ಲಿ ಎಷ್ಟೋ ಜನ ಹೇಳುತ್ತಾರೆ. ಅಲ್ಲ. ಸುಂಕದ ಚೀಟಿ ಆ ದಿನ ದುಡ್ಡು ಕಟ್ಟಿದ್ದಕ್ಕೆ ರಸೀತಿ ಅಷ್ಟೆ. ನಾಳೆಗೆ ಅದು ಬರುವುದಿಲ್ಲ. ಆದರೂ ಎಸೆಯಬೇಡಿ. ಇಷ್ಟು ವರ್ಷದಿಂದ ಇದೇ ಜಾಗದಲ್ಲಿ ವ್ಯಾಪಾರ ಮಾಡುತ್ತಿದ್ದೇನೆ ಎಂದು ತೋರಿಸಲು ಆ ಚೀಟಿಯೇ ಸಾಕ್ಷಿ. ಒಂದು ಡಬ್ಬಿಯಲ್ಲಿ ಹಾಕಿಡಿ.

ರಸ್ತೆಯಲ್ಲಿ ಮಾರುವುದು ತಪ್ಪೇ?

ತಪ್ಪಲ್ಲ. ಇದನ್ನು ನಾವು ಹೇಳುತ್ತಿಲ್ಲ, ಸುಪ್ರೀಂ ಕೋರ್ಟು ಹೇಳಿದೆ. ದೆಹಲಿಯ ಬೀದಿ ವ್ಯಾಪಾರಿಗಳು ಕೋರ್ಟಿಗೆ ಹೋಗಿದ್ದರು. ಸೋದನ್ ಸಿಂಗ್ ಮೊಕದ್ದಮೆ ಎಂದು ಅದಕ್ಕೆ ಹೆಸರು. 1989ರಲ್ಲಿ ಐದು ಜನ ನ್ಯಾಯಾಧೀಶರು ಕೂತು ತೀರ್ಪು ಕೊಟ್ಟರು. ಬೀದಿಯಲ್ಲಿ ವ್ಯಾಪಾರ ಮಾಡಿ ಬದುಕುವುದು ಸಂವಿಧಾನ ಕೊಟ್ಟ ಹಕ್ಕು ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ರಸ್ತೆ ಇರುವುದು ಜನ ಓಡಾಡಲಿಕ್ಕೆ. ಇದೇ ಜಾಗ ನನಗೆ ಖಾಯಂ ಬೇಕು ಎಂದು ಯಾರೂ ಹಟ ಹಿಡಿಯುವಂತಿಲ್ಲ. ಸರ್ಕಾರ ನಿಯಮ ಮಾಡಬಹುದು. ಎರಡೂ ಮಾತು ನೆನಪಿರಲಿ. ಜಗಳ ಹುಟ್ಟುವುದೆಲ್ಲ ಈ ಎರಡರ ನಡುವೆ.

ಅದಕ್ಕೂ ಮುಂಚೆ ಅಹಮದಾಬಾದಿನ ಹೆಂಗಸರು ಕೋರ್ಟು ಹತ್ತಿದ್ದರು. ಅಲ್ಲಿ ಇಳಾ ಭಟ್ ಎಂಬುವರು 1972ರಲ್ಲಿ 'ಸೇವಾ' ಎಂಬ ಸಂಘ ಕಟ್ಟಿದರು. ಬೀದಿಯಲ್ಲಿ ಮಾರುವವರು, ಮನೆಯಲ್ಲಿ ಕೂತು ಬೀಡಿ ಕಟ್ಟುವವರು, ತಲೆ ಮೇಲೆ ಹೊರೆ ಹೊರುವವರು ಅದರಲ್ಲಿ ಸೇರಿದರು. ಮಾಣೆಕ್ ಚೌಕ್ ಅಂತ ಅಲ್ಲಿಯ ದೊಡ್ಡ ಮಾರ್ಕೆಟ್ಟು. ಅಲ್ಲಿ ತರಕಾರಿ ಮಾರುವ ಹೆಂಗಸರು ಲೈಸೆನ್ಸು ಕೇಳಿಕೊಂಡು 1980ರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದರು. ಅವರಲ್ಲೂ ಓದು ಬಾರದವರು ಬಹಳ ಜನ. ಆದರೂ ಬಿಡಲಿಲ್ಲ.

2014ರ ಕಾಯಿದೆ

ಇಂಥ ಹೋರಾಟಗಳ ಮೇಲೆ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ಅದು ಇಡೀ ದೇಶದ ಪಟ್ಟಣಗಳಿಗೆ ಅನ್ವಯ. ಹಳ್ಳಿ ಸಂತೆಗೆ ಅಲ್ಲ. ಅದು ಗ್ರಾಮ ಪಂಚಾಯ್ತಿಯ ವ್ಯವಹಾರ. ರೈಲ್ವೆ ಜಾಗಕ್ಕೂ, ರೈಲಿನೊಳಗೆ ಮಾರುವವರಿಗೂ ಈ ಕಾಯಿದೆ ಬರುವುದಿಲ್ಲ.

ಕಾಯಿದೆ ಪ್ರಕಾರ ಪಟ್ಟಣದ ಬೀದಿ ವ್ಯಾಪಾರಿಗಳನ್ನೆಲ್ಲ ಲೆಕ್ಕ ಹಾಕಬೇಕು. ಐದು ವರ್ಷಕ್ಕೆ ಒಮ್ಮೆಯಾದರೂ ಈ ಗಣತಿ ಆಗಬೇಕು. ಗಣತಿಯಲ್ಲಿ ಸಿಕ್ಕವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು, ಗುರುತಿನ ಚೀಟಿ ಕೊಡಬೇಕು. ಗಣತಿ ಮುಗಿದು ಎಲ್ಲರ ಕೈಗೂ ಪತ್ರ ಬರುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಗಣತಿಯ ದಿನ ನೀವು ಮಗಳ ಬಾಣಂತನಕ್ಕೆ ಹೋಗಿದ್ದಿರಿ ಎನ್ನಿ. ಹೆಸರು ಬಿಟ್ಟುಹೋಯಿತು. ಆಗಲೂ ದಾರಿ ಮುಚ್ಚಿಲ್ಲ. ಎರಡು ಗಣತಿಗಳ ನಡುವೆಯೂ ಅರ್ಜಿ ಹಾಕಿ ಕೇಳಬಹುದು.

ಪತ್ರ ಕೊಡುವ ವಿಷಯ ತೀರ್ಮಾನಿಸಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ 40 ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನು ವ್ಯಾಪಾರಿಗಳೇ ಚುನಾವಣೆ ಮಾಡಿ ಆರಿಸಬೇಕು. ಹಾಗೆ ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ಲೆಕ್ಕ ಮಾಡಿ ನೋಡೋಣ. ಸಮಿತಿಯಲ್ಲಿ 30 ಜನ ಎಂದುಕೊಳ್ಳಿ. 12 ಜನ ವ್ಯಾಪಾರಿಗಳು. ಆ 12ರಲ್ಲಿ 4 ಜನ ಹೆಂಗಸರು. ನಿಮ್ಮ ಊರಿನ ಸಮಿತಿಯಲ್ಲಿ ಆ ನಾಲ್ವರು ಯಾರು? ಕೇಳಿ ನೋಡಿ. ಪುಸ್ತಕದಲ್ಲಿ ಕಾಯಿದೆ ಚೆನ್ನಾಗಿದೆ, ಜಾರಿ ಮಾತ್ರ ಎಲ್ಲ ಕಡೆ ಒಂದೇ ಸಮ ಇಲ್ಲ. ಕೇಳುವವರಿದ್ದ ಕಡೆ ಸಮಿತಿ ಸೇರುತ್ತದೆ.

ಪತ್ರಕ್ಕೆ ಷರತ್ತುಗಳಿವೆ. ವ್ಯಾಪಾರ ನೀವೇ ಮಾಡಬೇಕು, ಇಲ್ಲವೇ ಮನೆಯವರು ಮಾಡಬೇಕು. ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಬದುಕಲು ಬೇರೆ ಆದಾಯ ಇರಬಾರದು. ಕೂತ ಜಾಗ ಚೊಕ್ಕಟ ಇರಬೇಕು. ಪತ್ರ ಇದ್ದವರು ತೀರಿಕೊಂಡರೆ ಅವಧಿ ಮುಗಿಯುವವರೆಗೆ ಗಂಡ ಅಥವಾ ಹೆಂಡತಿ, ಇಲ್ಲವೇ ಅವರನ್ನೇ ನಂಬಿದ ಮಕ್ಕಳು ವ್ಯಾಪಾರ ಮುಂದುವರಿಸಬಹುದು. ಗಂಡನ ಹೆಸರಲ್ಲಿ ಪತ್ರವಿದ್ದ ಅಕ್ಕಂದಿರು ಇದನ್ನು ಎರಡು ಸಲ ಓದಿ.

ಎಬ್ಬಿಸಲು ಬಂದರೆ

ಒಂದು ಊರಿನಲ್ಲಿ ನಾವು ಕಣ್ಣಾರೆ ಕಂಡದ್ದು. ಬೆಳಿಗ್ಗೆ ಹತ್ತರ ಹೊತ್ತು. ಗಾಡಿ ಬಂತು. "ಎತ್ರಮ್ಮ, ಎತ್ರಿ" ಎಂದು ಕೂಗಾಟ. ಒಬ್ಬಾಕೆಯ ತಕ್ಕಡಿ ಹೋಯಿತು, ಎರಡು ಬುಟ್ಟಿ ಟೊಮೇಟೊ ಹೋಯಿತು. ಉಳಿದವರು ಸೆರಗಿನಲ್ಲಿ ಸಿಕ್ಕಿದ್ದು ಕಟ್ಟಿಕೊಂಡು ಗಲ್ಲಿಗೆ ಓಡಿದರು. ಆಕೆ ಓಡಲಿಲ್ಲ. "ಸ್ವಾಮಿ, ಏನೇನು ತಗೊಂಡ್ರಿ ಅಂತ ಪಟ್ಟಿ ಬರ್ಕೊಡಿ, ಸೈನ್ ಹಾಕಿ" ಎಂದರು. ಬಂದವರು ಆಕೆಯ ಮುಖ ನೋಡಿದರು. "ಪಟ್ಟಿ ಓದೋಕೆ ಬರುತ್ತೇನಮ್ಮ ನಿನಗೆ?" ಎಂದರು. "ಬರುತ್ತೆ" ಎಂದರು ಆಕೆ. ಪಟ್ಟಿ ಸಿಕ್ಕಿತು. ಅದರಲ್ಲಿ ಒಂದೇ ಬುಟ್ಟಿ ಬರೆದಿತ್ತು. ಆಕೆ ಓದಿ, "ಇನ್ನೊಂದು ಬುಟ್ಟಿ ಸೇರ್ಸಿ" ಎಂದರು. ಸೇರಿಸಿದರು.

ಆಕೆ ಕೇಳಿದ್ದು ಕಾಯಿದೆಯಲ್ಲೇ ಇದೆ. ಜಾಗ ಬಿಡಿಸಬೇಕಾದರೆ 30 ದಿನ ಮುಂಚೆ ನೋಟೀಸು ಕೊಡಬೇಕು. ಆಮೇಲೂ ಏಳದಿದ್ದರೆ ಮಾಲು ವಶಕ್ಕೆ ತಗೋಬಹುದು. ತಗೊಂಡರೆ ಪಟ್ಟಿ ಮಾಡಿ, ಸಹಿ ಹಾಕಿ, ನಕಲು ಕೊಡಬೇಕು. ಶುಲ್ಕ ಕಟ್ಟಿ ವಾಪಸು ಕೇಳಿದರೆ, ಕೊಳೆಯುವ ಮಾಲನ್ನು ಅದೇ ದಿನ ಕೊಡಬೇಕು. ಸೊಪ್ಪು, ಹೂವು, ಹಣ್ಣು, ಮೀನು ಇದರಲ್ಲಿ ಬರುತ್ತವೆ. ಪಾತ್ರೆ, ಬಟ್ಟೆ, ತಕ್ಕಡಿಯಂಥದ್ದನ್ನು ಕೆಲಸದ ಎರಡು ದಿನದೊಳಗೆ ಕೊಡಬೇಕು. ನೋಟೀಸಿನ ಗಡುವು ಮೀರಿ ಕೂತರೆ ದಿನಕ್ಕೆ 250 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ವಶಪಡಿಸಿಕೊಂಡ ಮಾಲಿನ ಬೆಲೆಗಿಂತ ದಂಡ ಹೆಚ್ಚಾಗುವಂತಿಲ್ಲ. ಪತ್ರವೇ ಇಲ್ಲದೆ ಮಾರಿದರೆ, ಷರತ್ತು ಮುರಿದರೆ 2,000 ರೂಪಾಯಿವರೆಗೆ ದಂಡ ಹಾಕಲು ಬೇರೆ ಕಲಂ ಇದೆ.

ಪತ್ರ ಇಟ್ಟುಕೊಂಡು ಷರತ್ತಿನಂತೆ ಮಾರುವವರನ್ನು ಪೊಲೀಸರೂ ತಡೆಯುವಂತಿಲ್ಲ. ಇದಕ್ಕೇ ಒಂದು ಕಲಂ ಇದೆ, 27ನೆಯದು. ಸಂಖ್ಯೆ ಬರೆದುಕೊಳ್ಳಿ.

ಪತ್ರ ರದ್ದಾದರೆ

ಷರತ್ತು ಮುರಿದರೆ, ಸುಳ್ಳು ಹೇಳಿ ಪತ್ರ ಪಡೆದಿದ್ದರೆ ರದ್ದು ಮಾಡಬಹುದು. ಆದರೆ ನಿಮ್ಮ ಮಾತು ಕೇಳದೆ ಮಾಡುವಂತಿಲ್ಲ. ರದ್ದಾದ ಮೇಲೂ, ಸಮಿತಿ ಪತ್ರ ಕೊಡಲಿಲ್ಲ ಎಂದರೂ ಪುರಸಭೆಗೆ ಅಥವಾ ನಗರಸಭೆಗೆ ಮೇಲ್ಮನವಿ ಹಾಕಬಹುದು. ಅಲ್ಲಿಯೂ ನಿಮ್ಮ ಮಾತು ಕೇಳಿಯೇ ತೀರ್ಮಾನ ಮಾಡಬೇಕು. ಬೇರೆ ದೂರು, ತಕರಾರು ಇದ್ದರೆ ಅದಕ್ಕೆ ಇನ್ನೊಂದು ಸಮಿತಿ. ಹಿಂದೆ ನ್ಯಾಯಾಧೀಶರಾಗಿದ್ದವರು ಅದರ ಅಧ್ಯಕ್ಷರು. ಎಲ್ಲೂ ನ್ಯಾಯ ಸಿಗದಿದ್ದರೆ ಹೈಕೋರ್ಟು ಇದೆ. ಬೆಂಗಳೂರು, ಧಾರವಾಡ, ಕಲಬುರಗಿ ಮೂರು ಕಡೆ ಅದು ಕೂರುತ್ತದೆ.

"ವಕೀಲರಿಗೆ ದುಡ್ಡು ಎಲ್ಲಿಂದ ತರೋಣ?" ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಹೆಂಗಸರಿಗೆಲ್ಲ ಉಚಿತ ಕಾನೂನು ನೆರವು ಇದೆ. ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿಗೆ ಹೋಗಿ, "ಕಾನೂನು ಸೇವಾ ಸಮಿತಿ ಎಲ್ಲಿ?" ಎಂದು ಕೇಳಿ.

ಅರ್ಜಿ ಬರೆಯೋಣ

ಮಾನ್ಯ ಮುಖ್ಯಾಧಿಕಾರಿಗಳಿಗೆ,
ಪುರಸಭೆ, ........

ವಿಷಯ: ವಶಪಡಿಸಿಕೊಂಡ ಮಾಲು ವಾಪಸು ಕೊಡುವ ಬಗ್ಗೆ.

ನಾನು ........ ರಸ್ತೆಯಲ್ಲಿ ........ ವರ್ಷದಿಂದ ........ ಮಾರುತ್ತಿದ್ದೇನೆ. ........ನೇ ತಾರೀಖು ನನ್ನ ಮಾಲು ತೆಗೆದುಕೊಂಡು ಹೋಗಿದ್ದಾರೆ. ಪಟ್ಟಿಯ ನಕಲು ಇದರ ಜೊತೆ ಇದೆ. ನನ್ನ ಮಾಲು ಕೊಳೆಯುವಂಥದ್ದು. ಕಾಯಿದೆಯಂತೆ ಇಂದೇ ವಾಪಸು ಕೊಡಿಸಬೇಕು.

ಇಂತಿ,
(ಸಹಿ)

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.

ಓದಿ, ಬರೆಯಿರಿ

1. ಪರವಾನಗಿ, ಪ್ರಮಾಣಪತ್ರ, ಮೇಲ್ಮನವಿ, ರಸೀತಿ. ಈ ನಾಲ್ಕು ಪದಗಳನ್ನು ಐದೈದು ಸಲ ಬರೆಯಿರಿ.
2. ಸುಂಕದ ಚೀಟಿಗೂ ವ್ಯಾಪಾರದ ಪ್ರಮಾಣಪತ್ರಕ್ಕೂ ಏನು ವ್ಯತ್ಯಾಸ?
3. ಲೆಕ್ಕ: ನೋಟೀಸಿನ ಗಡುವು ಮೀರಿ ಒಬ್ಬರು 2 ದಿನ ಕೂತರು. ದಂಡ ದಿನಕ್ಕೆ 250 ರೂಪಾಯಿ. ವಶಪಡಿಸಿಕೊಂಡ ಮಾಲಿನ ಬೆಲೆ 400 ರೂಪಾಯಿ. 500 ರೂಪಾಯಿ ಕಟ್ಟು ಎಂದರೆ ನೀವು ಏನು ಹೇಳುತ್ತೀರಿ?